ಬೆಳೆಯುವುದಕ್ಕೆ ಬಿಟ್ಟ ಬಟ್ಟೆ

ಮಾರ್ಚ್ ೪

ಅಮ್ಮ,

ರಾತ್ರಿ ಎರಡೂವರೆ. ಗೋಡೆಯೊಳಗಿನ ನೀರಿನ ಪೈಪು ಟಕಟಕ ಅಂದಿದ್ದಕ್ಕೆ ಎಚ್ಚರವಾಯಿತು. ಮೇಲಿನ ಮನೆಯವರು ನಲ್ಲಿ ತಿರುಗಿಸಿದಾಗಲೆಲ್ಲ ಅದು ಹೀಗೇ ಬಡಿದುಕೊಳ್ಳುತ್ತದೆ. ಅರೆನಿದ್ದೆಯಲ್ಲಿ ನಿನ್ನ ಹೊಲಿಗೆ ಮೆಷಿನ್ನಿನ ಸದ್ದು ಅನ್ನಿಸಿ, ಅಮ್ಮ ಇನ್ನೂ ಮಲಗಿಲ್ಲ ಅಂದುಕೊಂಡು ಮಗ್ಗುಲು ಬದಲಿಸಿದೆ. ಆಮೇಲೆ ನೆನಪಾಯಿತು, ಇದು ನನ್ನ ಮನೆ, ಇಲ್ಲಿ ಅಮ್ಮ ನಾನು.

ಗುಬ್ಬಿ ಮಲಗಿದ್ದಾಳೆ. ಅತ್ತರೆ ಯಾಕೆ ಅಳುತ್ತಾಳೆ ಅಂತ ಭಯ, ಅಳದಿದ್ದರೆ ಉಸಿರಾಡುತ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದ್ದು ಯಾವುದಕ್ಕೂ ಬರಲಿಲ್ಲ. ಇವರು ಪೇಪರ್ ವ್ಯಾನಿಗೆ ಬಂಡಲ್ ತುಂಬಿಕೊಂಡು ಹೋದರೆ ಬೆಳಕು ಹರಿದ ಮೇಲೇ ಬರುವುದು. ನಿಮ್ಮೂರಿನ ದಾರಿಯಾಗಿದ್ದರೆ ನಿನ್ನನ್ನಾದರೂ ನೋಡಿ ಬರುತ್ತಿದ್ದರು, ಇವರದ್ದು ಅದಕ್ಕೆ ಪೂರ್ತಿ ಉಲ್ಟಾ ದಿಕ್ಕು. ನಿನ್ನ ಫೋನು ವಾರದಿಂದ ಸ್ವಿಚ್ ಆಫ್. ಅದಕ್ಕೇ ಕಾಗದ.

ನೀನು ಕಳಿಸಿದ ಹಳದಿ ಫ್ರಾಕು ಬಂತು. ಗುಬ್ಬಿಗೆ ಅಳತೆ ಹಿಡಿದ ಹಾಗೆ ಕೂತಿದೆ, ಅದೇ ತೊಂದರೆ. ಅಂಚು ತಿರುಗಿಸಿ ನೋಡಿದೆ. ಒಳಗೆ ಬಟ್ಟೆಯನ್ನೇ ಬಿಟ್ಟಿಲ್ಲ. ಬೆರಳ ಉಗುರಿನಷ್ಟು ಮಡಚಿ ಹೊಲಿದು ಮುಗಿಸಿದ್ದೀಯ. ಊರಿನ ಮಕ್ಕಳಿಗೆಲ್ಲ ಒಳಗೆ ಒಂದು ಗೇಣು ಬಟ್ಟೆ ಬಿಟ್ಟು ಹೊಲಿಯುವವಳು ನೀನು. "ಇವತ್ತಿನ ಅಳತೆಗೆ ಹೊಲಿಯೋದು ಗೊಂಬೆಗೆ, ಮಗುವಿಗಲ್ಲ" ಅನ್ನುತ್ತಿದ್ದೆ. ನನ್ನ ಸ್ಕೂಲಿನ ಲಂಗಕ್ಕೆ ವರ್ಷಕ್ಕೊಂದು ಮಡಿಕೆ ಬಿಚ್ಚಿ ಬಿಚ್ಚಿ, ಹಳೇ ಹೊಲಿಗೆಯ ಗೆರೆಗಳು ಸಾಲಾಗಿ ಕಾಣುತ್ತಿದ್ದವು. ಹುಡುಗಿಯರು ರೈಲು ಹಳಿ ಅಂತ ರೇಗಿಸುತ್ತಿದ್ದರು.

ಕಣ್ಣು ಮಂಜಾಗಿದೆಯಾ? ಒಮ್ಮೆ ಡಾಕ್ಟರಿಗೆ ತೋರಿಸು. ಜೂನಿನಲ್ಲಿ ಗುಬ್ಬಿಗೆ ವರ್ಷ ತುಂಬುತ್ತದೆ, ಬರಲೇಬೇಕು. ನೀನು ಬಂದರೆ ನಾನು ಒಂದು ರಾತ್ರಿಯಾದರೂ ಮಲಗುತ್ತೇನೆ.

ನಿನ್ನ ಮಗಳು


ಮಾರ್ಚ್ ೧೩

ಮಗೂ,

ಕಣ್ಣಿಗೇನೂ ಆಗಿಲ್ಲ. ಈಗಲೂ ದಾರ ಪೋಣಿಸೋಕೆ ಕನ್ನಡಕ ಬೇಡ. ಬಟ್ಟೆ ಸ್ವಲ್ಪ ಸಾಲದೆ ಬಂತು ಅಂದುಕೋ.

ಫೋನು ನಮ್ಮ ಪ್ರಾರ್ಥನೆ ಸಭೆಗೆ ಒಪ್ಪಿಸಿದೆ. ಎಲ್ಲರೂ ಒಪ್ಪಿಸಿದರು. ಮನಸ್ಸು ಅತ್ತಿತ್ತ ಹೋಗಬಾರದು ಅಂತ. ಹೊಸದಾಗಿ ಹೊಲಿಯೋಕೆ ಏನೂ ತಗೋತಿಲ್ಲ. ಕೈಲಿರೋದನ್ನ ಮುಗಿಸಿ ಕೊಡ್ತಾ ಇದ್ದೀನಿ. ಜನರ ಬಟ್ಟೆ ನನ್ನ ಹತ್ತಿರ ಉಳೀಬಾರದು.

ಜೂನಿನ ಮಾತು ಈಗ ಬೇಡ. ನಾನು ಯಾವತ್ತಾದರೂ ಸಿಟ್ಟಲ್ಲಿ ಏನಾದರೂ ಅಂದಿದ್ದರೆ ಮನಸ್ಸಿನಿಂದ ತೆಗೆದುಹಾಕು. ಅಳಿಯಂದಿರಿಗೂ ಹಾಗೇ ಹೇಳು. ಏಪ್ರಿಲ್ ಹತ್ತೊಂಬತ್ತರ ರಾತ್ರಿ ಮೂವರೂ ಒಟ್ಟಿಗೇ ಇರಿ. ಅವತ್ತೊಂದಿನ ವ್ಯಾನಿಗೆ ರಜೆ ಹಾಕಲಿ. ಮಗುವನ್ನ ಎತ್ತಿಕೊಂಡೇ ಇರು.

ಅಮ್ಮ


ಮಾರ್ಚ್ ೨೨

ಅಮ್ಮ,

ನಿನ್ನ ಕಾಗದ ಎರಡು ಸಲ ಓದಿದೆ. ಯಾವುದೋ ದೊಡ್ಡ ಕಾಯಿಲೆ ಬಂದಿದೆ, ನನ್ನಿಂದ ಮುಚ್ಚಿಟ್ಟಿದ್ದೀಯ, ಹತ್ತೊಂಬತ್ತಕ್ಕೆ ಆಪರೇಷನ್ ಅಂದುಕೊಂಡೆ. ನಿನ್ನ ಮನೆ ಕೆಳಗಿನ ಮೆಡಿಕಲ್ ಶಾಪಿನವರಿಗೆ ಫೋನ್ ಮಾಡಿದೆ, ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅಂತ ಕೇಳೋಣವೆಂದು. ಆ ಮನುಷ್ಯ ನಕ್ಕುಬಿಟ್ಟ. "ನಿಮ್ಮಮ್ಮನಿಗೆ ಮಾತ್ರೆ ಯಾಕಮ್ಮ? ಹತ್ತೊಂಬತ್ತಕ್ಕೆ ಯೇಸುಸ್ವಾಮಿ ಬರ್ತಾರಂತಲ್ಲ, ಟೈಲರಮ್ಮ ಮೇಲಕ್ಕೆ ಹೋಗ್ತಾರಂತೆ. ನನ್ನ ಪ್ಯಾಂಟಿನ ಬಟ್ಟೆ ಕತ್ತರಿಸದೆ ಹಾಗೇ ವಾಪಸ್ ಕೊಟ್ಟರು."

ಆಗ ಫ್ರಾಕು ಅರ್ಥವಾಯಿತು.

ಅಪ್ಪ ಹೋದ ಮೇಲೆ ನೀನು ಆ ವಾಚು ರಿಪೇರಿಯವರ ಸಭೆ ಸೇರಿದಾಗ ನಾನು ಸುಮ್ಮನಿದ್ದೆ. ಒಬ್ಬಳೇ ಇರುತ್ತೀಯ, ನಾಲ್ಕು ಜನ ಸಿಗಲಿ ಅಂತ. ಆದರೆ ನನ್ನ ಮಗು ಇನ್ನೊಂದು ಅಂಗುಲವೂ ಬೆಳೆಯುವುದಿಲ್ಲ ಅಂತ ಲೆಕ್ಕ ಹಾಕಿ ಕತ್ತರಿ ಆಡಿಸಿದೆಯಲ್ಲ, ಅದು ನನಗೆ ನುಂಗಲು ಆಗುತ್ತಿಲ್ಲ. ನಾನಿಲ್ಲಿ ಅವಳು ಒಂದೊಂದು ಗ್ರಾಂ ತೂಕ ಹೆಚ್ಚಲಿ ಅಂತ ಒದ್ದಾಡುತ್ತಿದ್ದೇನೆ.

ಚಿಕ್ಕವಳಿದ್ದಾಗ ನಿನ್ನನ್ನೇ ಕೇಳಿದ್ದೆ, ಸ್ವಾಮಿ ಯಾವಾಗ ಬರ್ತಾರೆ ಅಂತ. ನೀನು ಕಾಜಾ ಹೊಲಿಯುತ್ತಾ ತಲೆ ಎತ್ತದೆ ಹೇಳಿದೆ: "ಹೇಳಿ ಬರೋರು ನೆಂಟರು. ಮನೆಯವರು ಹೇಳಿ ಬರ್ತಾರಾ?" ಆ ಅಮ್ಮ ಎಲ್ಲಿ ಹೋದಳು?

ಇವರ ಜೊತೆ ಮಾತಾಡಿದ್ದೇನೆ. ಬಸ್ಸು ಹತ್ತಿ ಇಲ್ಲಿಗೆ ಬಂದುಬಿಡು.

ನಿನ್ನ ಮಗಳು


ಏಪ್ರಿಲ್ ೬

ಮಗೂ,

ಇನ್ನು ಮುಚ್ಚಿಡೋದೇನಿದೆ. ಹೌದು, ಹತ್ತೊಂಬತ್ತಕ್ಕೆ. ಲೆಕ್ಕ ನನಗೆ ತಲೆಗೆ ಹತ್ತಲಿಲ್ಲ, ನಿಜ ಹೇಳ್ತೀನಿ. ವಾಚಣ್ಣ ಬೋರ್ಡಿನ ಮೇಲೆ ಬರೆದು ತೋರಿಸಿದಾಗ ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಆದರೆ ಅವರೊಂದು ಮಾತು ಹೇಳಿದರು. ಅವತ್ತು ಮಣ್ಣಿಗೆ ಹೋದವರೆಲ್ಲ ಮೊದಲು ಏಳ್ತಾರೆ ಅಂತ. ಅದು ಚಿಕ್ಕಂದಿನಿಂದ ಕೇಳಿದ್ದೇ. ಆದರೆ ತಾರೀಕು ಹಾಕಿ ಯಾರೂ ಹೇಳಿರಲಿಲ್ಲ. ತಾರೀಕು ಇದ್ದರೆ ಕೆಲಸ ಮಾಡೋಕೆ ಕೈ ಬರುತ್ತೆ. ನಿನಗೆ ಗೊತ್ತು ನನ್ನ ಸ್ವಭಾವ.

ನಿಮ್ಮಪ್ಪನಿಗೆ ಒಂದು ಅಂಗಿ ಹೊಲಿದಿದ್ದೀನಿ. ತಿಳಿನೀಲಿ, ಸಣ್ಣ ಗೆರೆ. ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ, ಕೈಗೇ ನೆನಪಿತ್ತು. ಎಡಗೈ ಬಲಗೈಗಿಂತ ಒಂದು ಬೆರಳು ಉದ್ದ ಅವರದ್ದು, ಹಾಗೇ ಹೊಲಿದೆ. ಅವರು ಹೋದಾಗ ಆಸ್ಪತ್ರೆಯವರ ಗೌನಲ್ಲೇ ಮಣ್ಣಿಗೆ ಕಳಿಸಿಬಿಟ್ಟೆವು. ಹೊಲಿಯೋಳ ಗಂಡ ಊರವರ ಮುಂದೆ ಹಾಗೆ ಎದ್ದು ನಿಲ್ಲಬಾರದು.

ಗುಬ್ಬಿ ಫ್ರಾಕಿಗೆ ನೊಂದುಕೋಬೇಡ. ಬೆಳೆಯಲ್ಲ ಅಂತ ನಾನು ಅಂದುಕೊಳ್ಳಲಿಲ್ಲ. ಅಲ್ಲಿ ಯಾವ ಬಟ್ಟೆಯೂ ಬಿಗಿಯಾಗಲ್ಲ ಅಂದುಕೊಂಡೆ.

ಅವತ್ತು ಅಪ್ಪನಿಗೆ ಅವಳನ್ನ ತೋರಿಸಬೇಕು. ಎತ್ತಿಕೊಂಡೇ ಇರು.

ಅಮ್ಮ


ಏಪ್ರಿಲ್ ೧೪

ಭೂಲೋಕದಿಂದ ಮಗಳು ಬರೆಯುವ ಕೊನೇ ಕಾಗದ,

ಅತ್ತು ಬರೆದೆ, ಕೇಳಲಿಲ್ಲ. ಕರೆದೆ, ಬರಲಿಲ್ಲ. ನಗಿಸಿದರೆ ಬರುತ್ತೀಯೇನೋ ನೋಡೋಣ. ಹತ್ತೊಂಬತ್ತರ ಒಳಗೆ ಇದು ನಿನ್ನ ಕೈ ಸೇರಲಿ ಅಂತ ಈಗಲೇ ಹಾಕುತ್ತಿದ್ದೇನೆ.

ನಮ್ಮ ಗೋಡೆ ಗಡಿಯಾರ ನೆನಪಿದೆಯಾ? ವಾಚಣ್ಣ ಎಷ್ಟು ಸಲ ಬಿಚ್ಚಿ ಜೋಡಿಸಿದರೂ ಹತ್ತು ನಿಮಿಷ ಹಿಂದೇ ಓಡುತ್ತಿತ್ತು. ಕೊನೆಗೆ ಒಂದು ಸ್ಕ್ರೂ ಮಿಕ್ಕಿತ್ತು. "ಇದು ಬೇಕಾಗಲ್ಲ, ಕಂಪನಿಯವರು ಸುಮ್ಮನೆ ಹಾಕಿರ್ತಾರೆ" ಅಂದಿದ್ದರು. ಅಂಥವರು ಈಗ ದೇವರ ಗಡಿಯಾರದ ಹಿಂಬದಿ ಬಿಚ್ಚಿದ್ದಾರೆ. ಎಷ್ಟು ಸ್ಕ್ರೂ ಮಿಗುತ್ತವೋ.

ಇಪ್ಪತ್ತನೇ ತಾರೀಕು ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದರೆ ದೇವದೂತ ಅಂದುಕೊಂಡು ಕಾಲಿಗೆ ಬೀಳಬೇಡ, ಪಾತ್ರೆ ಹಿಡಿ. ಮೆಡಿಕಲ್ ಶಾಪಿನವರ ಪ್ಯಾಂಟಿನ ಬಟ್ಟೆ ಮತ್ತೆ ಇಸಕೋ, ಪಾಪ ಮೋಕ್ಷಕ್ಕೂ ಇಲ್ಲ ಪ್ಯಾಂಟಿಗೂ ಇಲ್ಲ ಅನ್ನುವಂತಾಗಿದೆ ಅವರ ಪಾಡು. ಅಪ್ಪನ ಅಂಗಿಯನ್ನು ಇವರಿಗೆ ಕಳಿಸಿಬಿಡು. ತೋಳು ಸ್ವಲ್ಪ ಉದ್ದವಾದರೂ ಹಾಕಿಕೊಳ್ಳುತ್ತಾರೆ. ಹೊಸ ಅಂಗಿ ಬೀರುವಿನಲ್ಲಿ ಕೊಳೆಯಬಾರದು.

ನಕ್ಕೆಯಾ? ನಕ್ಕಿದ್ದರೆ ಬಸ್ಸು ಹತ್ತು.

ನಿನ್ನ ತರಲೆ ಮಗಳು


ಏಪ್ರಿಲ್ ೨೭

ಮಗೂ,

ನಿನ್ನ ಕಾಗದ ಇಪ್ಪತ್ತರ ಬೆಳಿಗ್ಗೆ ಸಿಕ್ಕಿತು. ಹದಿನೇಳರಿಂದ ನಾವೆಲ್ಲ ಸಭೆಯ ಹಾಲ್‌ನಲ್ಲೇ ಇದ್ವಿ. ವಾಪಸ್ ಬಂದು ಬೀಗ ತೆಗೆದರೆ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಿಂತಲ್ಲೇ ಓದಿದೆ.

ಆ ರಾತ್ರಿ ಹನ್ನೆರಡು ಹೊಡೀತು. ವಾಚಣ್ಣ ಬೆಳಗಿನ ತನಕ ಲೆಕ್ಕ ಇದೆ ಅಂದರು. ಬೆಳಕೂ ಬಂತು. ಲೈಟು ಆರಿಸೋಕೆ ಯಾರೂ ಏಳಲಿಲ್ಲ, ಬಿಸಿಲಲ್ಲೇ ಬಲ್ಬು ಉರೀತಾ ಇತ್ತು. ಎಲ್ಲರ ಚಪ್ಪಲಿ ಹೊರಗಿತ್ತು, ಇನ್ನು ಬೇಕಾಗಲ್ಲ ಅಂತ ಎಲ್ಲೆಂದರಲ್ಲಿ ಬಿಟ್ಟಿದ್ವಿ. ಮೊದಲು ಹೋಗಿ ಚಪ್ಪಲಿ ಮೆಟ್ಟಿದವರು ನಂಬಿಕೆ ಬಿಟ್ಟವರು ಅಂತಾಗುತ್ತಲ್ಲ, ಯಾರೂ ಕದಲಲಿಲ್ಲ. ಕೊನೆಗೆ ಒಂದು ಮಗು ಉಚ್ಚೆ ಬಂತು ಅಂತು. ಅದರ ತಾಯಿ ಎದ್ದಳು. ಅವಳ ಹಿಂದೆ ನಾವೂ ಎದ್ವಿ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬಟ್ಟೆ ವಾಪಸ್ ಕೊಟ್ಟಿದ್ದೆನಲ್ಲ, ಒಬ್ಬೊಬ್ಬರೇ ಮತ್ತೆ ತರ್ತಿದ್ದಾರೆ. ಹೊಲಿಸೋಕಲ್ಲ, ನೋಡೋಕೆ. "ಯಾವ ತಾರೀಕಿಗೆ ಕೊಡ್ತೀರಿ ಟೈಲರಮ್ಮ? ನಿಮ್ಮ ತಾರೀಕು ನಂಬೋ ಹಾಗಿಲ್ಲವಲ್ಲ" ಅಂತಾರೆ. ಮೆಡಿಕಲ್ ಶಾಪಿನವರು ದಿನಾ ಮೆಟ್ಟಿಲ ಹತ್ತಿರ "ಹೋಗಿ ಬಂದ್ರಾ?" ಅಂತಾರೆ. ಅವರಂದದ್ದು ಪರವಾಗಿಲ್ಲ. ಅವರು ಹೊರಗಿನವರು.

ನಿಮ್ಮಪ್ಪನ ಅಂಗಿ ಕಳಿಸಿದ್ದೀನಿ. ನೀನು ಹೇಳಿದ ಹಾಗೆ ಅಳಿಯಂದಿರು ಹಾಕಿಕೊಳ್ಳಲಿ. ಎಡತೋಳು ಉದ್ದವಾದರೆ ಮಡಚಿಕೊಳ್ಳಲಿ.

ಅಮ್ಮ


ಮೇ ೩

ಅಮ್ಮ,

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದ ಮಾತಂತೂ ಟಪಾಲಿನಲ್ಲಿ ಹಾಕಿದರೆ ಹೋಯಿತು. ಆ ಕಾಗದ ಹತ್ತೊಂಬತ್ತಕ್ಕೆ ಮುಂಚೆ ಬರಬೇಕಿತ್ತು, ಆಗ ಅದು ಜಗಳ ಆಗುತ್ತಿತ್ತು, ನೀನು ತಿರುಗಿ ಬೈಯುತ್ತಿದ್ದೆ. ಇಪ್ಪತ್ತರ ಬೆಳಿಗ್ಗೆ ಅದು ಏನಾಯಿತು ಅಂತ ನೆನೆದರೆ ನನ್ನ ಕೈ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಂಗಿಯನ್ನು ಇವರು ಮೈಗೆ ತಗುಲಿಸಿಕೊಳ್ಳಲಿಲ್ಲ. ಎಡತೋಳನ್ನು ಬಲತೋಳಿನ ಮೇಲಿಟ್ಟು ನೋಡಿದರು, ಸುಮ್ಮನೆ ಮಡಚಿ ನನ್ನ ಕೈಗೆ ಕೊಟ್ಟರು. "ಇದು ಮಾವನದು. ಇದನ್ನ ಇಟ್ಟುಕೊಳ್ಳೋಕೆ ನಾನ್ಯಾರು" ಅಂದರು. ಇದೇ ಪಾರ್ಸೆಲ್ಲಿನಲ್ಲಿ ವಾಪಸ್ ಕಳಿಸಿದ್ದೇನೆ.

ಭಾನುವಾರ ನಮ್ಮ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ನಿಮ್ಮ ಸಭೆಯ ಮಾತೇ ಮಾತು. ಒಬ್ಬರು, "ಮೇಲಿನ ಬಸ್ಸು ತಪ್ಪಿಸಿಕೊಂಡರಂತೆ" ಅಂದರು. ಎಲ್ಲರೂ ನಕ್ಕರು. ನಮ್ಮ ಪಾದ್ರಿಗಳು ಯಾರ ಮೇಲೂ ರೇಗದ ಮುದುಕ. ಬಾಗಿಲಲ್ಲಿ ನಿಂತವರು ಕೇಳಿದರು: "ಈಗ ಒಳಗೆ ನಿಂತು 'ಸ್ವಾಮಿ ಮತ್ತೆ ಬರ್ತಾನೆ' ಅಂತ ಎಲ್ಲರೂ ಗಟ್ಟಿಯಾಗಿ ಹೇಳಿದ್ವಲ್ಲ. ನಿಮ್ಮಲ್ಲಿ ಯಾರು ಕಾಯ್ತಾ ಇದ್ದೀರಿ? ದಿನ ಹೇಳಿದ್ದು ಅವರ ತಪ್ಪು. ಕಾದದ್ದನ್ನ ನೋಡಿ ನಗ್ತೀರಲ್ಲ, ಅದು ಯಾರ ತಪ್ಪು?" ನಾನು ಗುಬ್ಬಿಯ ಟೋಪಿ ಸರಿಮಾಡುತ್ತಾ ನಿಂತೆ. ಎಲ್ಲರೂ ಹೋದ ಮೇಲೆ ಪಾದ್ರಿಗಳಿಗೆ ನಿನ್ನ ವಿಷಯ ಹೇಳಿದೆ. ಅವರು ಅಂದರು, "ಹೊಸ ಲೆಕ್ಕ ಹಾಕೋಕೆ ಬಿಡಬೇಡಿ. ನಾವು ಎಡವಿದ್ವಿ ಅಂತ ಒಂದು ಸಲ ಬಾಯಿಬಿಟ್ಟು ಹೇಳಿ, ಮಾರನೇ ದಿನದ ಕೆಲಸಕ್ಕೆ ಕೂರಲಿ. ಪಕ್ಕದಲ್ಲಿ ಒಬ್ಬರು ಕೂತಿರಬೇಕು ಅಷ್ಟೆ. ನಾಚಿಕೆಯಲ್ಲಿ ಮನುಷ್ಯರನ್ನ ಒಂಟಿಯಾಗಿ ಬಿಡಬಾರದು."

ಬಂದು ನಿನ್ನ ಪಕ್ಕದಲ್ಲಿ ಕೂರಬೇಕಿದ್ದವಳು ನಾನು. ಗುಬ್ಬಿಗೆ ಹಲ್ಲು ಬರುತ್ತಿದೆ, ಭೇದಿ ನಿಂತಿಲ್ಲ, ಡಾಕ್ಟರು ಪ್ರಯಾಣ ಬೇಡ ಅಂದಿದ್ದಾರೆ. ನಿಂತ ತಕ್ಷಣ ಬರುತ್ತೇನೆ.

ಹಳದಿ ಫ್ರಾಕನ್ನೂ ಇದರ ಜೊತೆ ಇಟ್ಟಿದ್ದೇನೆ. ಆಗಲೇ ಮೊಣಕಾಲ ಮೇಲೆ ಹೋಗಿದೆ. ಒಳಗೆ ಬಿಚ್ಚಲು ಬಟ್ಟೆಯಿಲ್ಲ. ಕೆಳಗೆ ಯಾವುದಾದರೂ ತುಂಡು ಸೇರಿಸಿ ಕೊಡು. ಯಾವ ಬಣ್ಣವಾದರೂ ಸರಿ. ಇದು ಕೆಲಸ ಅಂತ ತಿಳಿದು ಮಾಡು ಅಮ್ಮ.

ನಿನ್ನ ಮಗಳು


ಮೇ ೧೨

ಅಮ್ಮ,

ಉತ್ತರವಿಲ್ಲ. ಮೆಡಿಕಲ್ ಶಾಪಿಗೆ ಮಾಡಿದರೆ, ಮೇಲೆ ಮೆಷಿನ್ ಸದ್ದು ಕೇಳಿಸ್ತಿದೆ, ಇದ್ದಾರೆ ಅನ್ನುತ್ತಾರೆ. ಕರೆದುಕೊಡಿ ಅಂದರೆ, "ಕರೆದ್ರೆ ಇಳಿದು ಬರಲ್ಲಮ್ಮ ಈಗ, ನಾನೇನೋ ತಮಾಷೆಗೆ ಅಂದಿದ್ದೆ" ಅಂದರು. ಅವರ ದನಿಯೂ ಸಣ್ಣಗಾಗಿತ್ತು. ಮೆಷಿನ್ ಓಡುತ್ತಿದೆಯಲ್ಲ, ಅಷ್ಟಕ್ಕೇ ನಾನು ಆ ರಾತ್ರಿ ಮಲಗಿದೆ.

ಒಂದು ಸಾಲು ಬರಿ. ಬೈದಾದರೂ ಬರಿ.

ನಿನ್ನ ಮಗಳು


ಮೇ ೧೭

ಮಗೂ,

ಬೈಯೋಕೆ ಏನೂ ಇಲ್ಲ. ನೀನು ಅಂದದ್ದೆಲ್ಲ ನಿಜವೇ ಆಯಿತಲ್ಲ.

ಸಭೆಯಲ್ಲಿ ಅರ್ಧ ಜನ ಬಿಟ್ಟು ಹೋದರು. ವಾಚಣ್ಣ ಕೆಲವು ದಿನ ಹೊರಗೇ ಬರಲಿಲ್ಲ. ಆಮೇಲೆ ಬಂದು, ಕೂಡೋದರಲ್ಲಿ ಒಂದು ವರ್ಷ ಬಿಟ್ಟು ಹೋಗಿತ್ತು, ಈಗ ಸರಿಯಾದ ದಿನ ಸಿಕ್ಕಿದೆ ಅಂದರು. ತಪ್ಪಾಯಿತು ಅಂತ ಅವರು ಒಂದು ಮಾತು ಅಂದಿದ್ದರೆ ಜನ ಕ್ಷಮಿಸಿಬಿಡ್ತಿದ್ದರೋ ಏನೋ. ಉಳಿದವರನ್ನ ಬೆಟ್ಟದಾಚೆ ಒಂದು ಖಾಲಿ ಕಟ್ಟಡಕ್ಕೆ ಕರ್ಕೊಂಡು ಹೋಗ್ತಾರೆ. ಇಪ್ಪತ್ತೆರಡಕ್ಕೆ ಬೆಳಿಗ್ಗೆ ಆರಕ್ಕೆ ವ್ಯಾನು ಹೊರಡುತ್ತೆ. ಅಲ್ಲಿಗೆ ಟಪಾಲಿಲ್ಲ, ಮನೆಯವರು ಬರೋ ಹಾಗಿಲ್ಲ, ಹೋದವರು ಹಿಂದಕ್ಕೆ ಬರೋ ಹಾಗಿಲ್ಲ. ನಾನೂ ಹೆಸರು ಕೊಟ್ಟಿದ್ದೀನಿ. ಮೆಷಿನ್ನು ಎದುರುಮನೆಯವಳಿಗೆ ಕೊಟ್ಟೆ.

ನೀನು ಏನು ಕೇಳ್ತೀಯ ಗೊತ್ತು. ಲೆಕ್ಕ ಈಗಲೂ ತಲೆಗೆ ಹತ್ತಿಲ್ಲ. ಅಲ್ಲಿ ಯಾರೂ ನಗಲ್ಲ ಮಗೂ. ಎಲ್ಲರೂ ನಗೆಪಾಟಲಾದವರೇ. ಅಷ್ಟೇ.

ಫ್ರಾಕು ಬೇರೆ ಪಾರ್ಸೆಲ್ಲಲ್ಲಿ ಕಳಿಸಿದ್ದೀನಿ. ಮೆಷಿನ್ ಕೊಡೋ ಮುಂಚೆ ಕೊನೆಗೆ ಹೊಲಿದದ್ದು ಅದೇ. ಗುಬ್ಬಿಗೆ ಮುತ್ತು ಕೊಡು. ನೀನು ರಾತ್ರಿ ಮಲಗು.

ಅಮ್ಮ


ಮೇ ೨೧

ಅಮ್ಮ,

ರಾತ್ರಿ ಹನ್ನೊಂದು. ಪೈಪು ಟಕಟಕ ಅಂತು. ಈ ಸಲ ಅದು ನಿನ್ನ ಮೆಷಿನ್ನು ಅನ್ನಿಸಲಿಲ್ಲ, ಅದು ಎದುರುಮನೆಗೆ ಹೋಯಿತಲ್ಲ. ಗುಬ್ಬಿಯ ಹಣೆ ಮುಟ್ಟಿದೆ, ಭೇದಿಯ ಜೊತೆ ಜ್ವರವೂ ಬಂದಿದೆ, ಇನ್ನೂ ಇಳಿದಿಲ್ಲ. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬಂದು ನಿನ್ನ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ.

ನಿನ್ನ ಕಾಗದವೂ ಪಾರ್ಸೆಲ್ಲೂ ಇವತ್ತು ಸಂಜೆ ಒಟ್ಟಿಗೇ ಬಂದವು. ಕಾಗದ ಓದಿ ಇವರು ಕೂಡಲೇ ಎದ್ದು ಹೋದರು. ನಿಮ್ಮೂರಿನ ದಾರಿಗೆ ಹೋಗುವ ವ್ಯಾನಿನವರ ಜೊತೆ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದಾರೆ. ಕೆಳಗೆ ಬಂಡಲ್ ತುಂಬಿಸಿಕೊಂಡು ನಿಂತಿದ್ದಾರೆ, ನನ್ನ ಕಾಗದ ಮುಗಿಯಲಿ ಅಂತ. ನಾಲ್ಕು ಗಂಟೆ ಹೊತ್ತಿಗೆ ನಿನ್ನ ಬಾಗಿಲಲ್ಲಿರುತ್ತಾರೆ.

ಫ್ರಾಕು ನೋಡಿದೆ. ಹಳದಿಯ ಕೆಳಗೆ ತಿಳಿನೀಲಿ, ಸಣ್ಣ ಗೆರೆ. ಅಪ್ಪನ ಅಂಗಿಯನ್ನು ಕತ್ತರಿಸಿಬಿಟ್ಟೆಯಲ್ಲ ಅಮ್ಮ. ನೆಲದ ಮೇಲೆ ಕೂತು ಅತ್ತೆ. ಆಮೇಲೆ ಅಂಚು ತಿರುಗಿಸಿದೆ. ಒಳಗೆ ಒಂದರ ಮೇಲೊಂದು ಮಡಿಕೆ, ಮಿಕ್ಕ ನೀಲಿ ಬಟ್ಟೆ ಪೂರ್ತಿ ಒಳಗೇ ಇದೆ. ಬಿಚ್ಚುತ್ತಾ ಹೋದರೆ ಅವಳು ಸ್ಕೂಲಿಗೆ ಹೋಗುವವರೆಗೂ ಬರುತ್ತದೆ. ಸೊಂಟದಲ್ಲೂ ತೋಳಿನಲ್ಲೂ ತುಂಡು ಸೇರಿಸಿ ಬಿಟ್ಟಿದ್ದೀಯ.

ಹೊಸ ತಾರೀಕನ್ನು ನಂಬಿದವಳು ಹೀಗೆ ಹೊಲಿಯುವುದಿಲ್ಲ. ಗುಬ್ಬಿ ಬೆಳೆಯುತ್ತಾಳೆ ಅಂತ ನಿನಗೆ ಗೊತ್ತು. ಗೊತ್ತಿದ್ದೂ, ನಾವು ನಕ್ಕೆವು ಅನ್ನುವುದಕ್ಕೋಸ್ಕರ ಹೋಗುತ್ತಿದ್ದೀಯ. ಹೊರಗಿನವರು ಅಂದರೆ ಪರವಾಗಿಲ್ಲ ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ಒಳಗಿನವಳು ನಾನು. ತಪ್ಪಾಯಿತು ಅಮ್ಮ. ವಾಚಣ್ಣ ಹೇಳದ ಮಾತನ್ನು ನಾನು ಹೇಳುತ್ತಿದ್ದೇನೆ, ತಪ್ಪಾಯಿತು.

ಅಂಗಿ ಕತ್ತರಿಸಿದೆ ಅಂತ ಅಪ್ಪನನ್ನು ಕಾಯುವುದನ್ನು ಬಿಡಬೇಡ. ತಾರೀಕನ್ನು ಮಾತ್ರ ಬಿಡು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದಾದರೆ ಇಲ್ಲಿ ಕಾಯು, ಈ ಇಕ್ಕಟ್ಟಿನ ಮನೆಯಲ್ಲಿ, ಪೈಪಿನ ಸದ್ದಿನಲ್ಲಿ. ನಾನೂ ಕಾಯುತ್ತೇನೆ. ನನಗೆ ಹೇಗೂ ನಿದ್ದೆ ಬರುವುದಿಲ್ಲ. ಅಪ್ಪ ಎದ್ದು ಬರುವ ದಿನ ಆಸ್ಪತ್ರೆ ಗೌನಿನಲ್ಲೇ ಬರಲಿ, ಅಂಗಿ ಎಲ್ಲಿ ಅಂತ ಕೇಳಿದರೆ ಮೊಮ್ಮಗಳನ್ನು ತೋರಿಸೋಣ.

ಒಂದು ಮಾತು ನಿನಗೆ ಹೊಳೆದಿಲ್ಲ. ಆ ಮಡಿಕೆಗಳನ್ನು ಬಿಚ್ಚುವವರು ಯಾರು? ನನಗೆ ಗುಂಡಿ ಹಾಕುವುದೂ ನೆಟ್ಟಗೆ ಬರುವುದಿಲ್ಲ, ನಿನಗೇ ಗೊತ್ತು. ಬ್ಲೇಡು ಹಿಡಿದರೆ ಬಟ್ಟೆಯನ್ನೇ ಸೀಳುತ್ತೇನೆ. ನೀನಿಲ್ಲದಿದ್ದರೆ ಅಪ್ಪನ ಅಂಗಿ ಅವಳ ಫ್ರಾಕಿನೊಳಗೆ ಹಾಗೇ ಮಡಚಿಕೊಂಡು ಉಳಿಯುತ್ತದೆ, ಅವಳು ಬೆಳೆದುಬಿಡುತ್ತಾಳೆ.

ಇವರು ನಿನ್ನ ಹತ್ತಿರ ವಾದ ಮಾಡುವುದಿಲ್ಲ, ಬೇಡ ಅಂದಿದ್ದೇನೆ. ಈ ಕಾಗದವನ್ನೂ ತಮ್ಮ ಫೋನನ್ನೂ ನಿನ್ನ ಕೈಗೆ ಕೊಟ್ಟು, ಬೀದಿ ತುದಿಯಲ್ಲಿ ಬಂಡಲ್ ಇಳಿಸುತ್ತಿರುತ್ತಾರೆ. ಫೋನಿನಲ್ಲಿ ಮೊದಲನೇ ನಂಬರು ನನ್ನದೇ, ಒತ್ತಿದರೆ ಸಾಕು. ಏನು ಹೇಳುವುದು ಅಂತ ಯೋಚಿಸಬೇಡ. ಬರುತ್ತೇನೆ ಅನ್ನದಿದ್ದರೂ ಸರಿ. ಬೈಯಿ. ಸುಮ್ಮನೆ ಉಸಿರಾಡು, ನಾನು ಕೇಳಿಸಿಕೊಳ್ಳುತ್ತೇನೆ. ಫೋನನ್ನು ಕೈಯಲ್ಲೇ ಹಿಡಿದು ಗುಬ್ಬಿಯ ಪಕ್ಕ ಕೂತಿದ್ದೇನೆ. ಆರಕ್ಕೆ ಆ ವ್ಯಾನು ಹೊರಡುತ್ತದೆ ಅಮ್ಮ. ಬೆಳಗಾಗುವ ಮುಂಚೆ, ಮೆಟ್ಟಿಲು ಇಳಿಯುವ ಮುಂಚೆ, ಚಪ್ಪಲಿ ಮೆಟ್ಟುವ ಮುಂಚೆ ಒಂದು ಸಲ ಫೋನ್ ಮಾಡು.